ಹಿಂದಿನ ಹೆಗಲು

ಸುಸ್ತಿನ ವಿಷಯದಲ್ಲಿ ನನಗಿಂತ ದೊಡ್ಡ ಪಂಡಿತ ಈ ಭೂಮಿಯ ಮೇಲಿಲ್ಲ. ಬೇರೆ ಗ್ರಹಗಳ ಮಾತು ನನಗೆ ಗೊತ್ತಿಲ್ಲ. ಹುಬ್ಬಳ್ಳಿಯ ದೇಹಶ್ರಮ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಉಪಕರಣ ರಿಪೇರಿ ಮಾಡಿದವನು ನಾನು, ಕಲ್ಮೇಶ ಬಡಿಗೇರ. ಓಡಿ ಬಿದ್ದವರ, ಹೊತ್ತು ಕುಸಿದವರ, ಏಣಿ ಹತ್ತಿ ಇಳಿಯಲಾರದೆ ಅತ್ತವರ ಸುಸ್ತನ್ನೆಲ್ಲ ಮೀಟರಿನಲ್ಲಿ ಅಳೆದಿದ್ದೇನೆ. ಅಷ್ಟನ್ನೂ ಒಂದು ಕಡೆ ಗುಡ್ಡೆ ಹಾಕಿದರೆ ನಮ್ಮ ನೃಪತುಂಗ ಬೆಟ್ಟ ಅದರ ಪಕ್ಕದಲ್ಲಿ ಇರುವೆಗೂಡಿನಂತೆ ಕಾಣುತ್ತದೆ.

ಹೆಗಲುಪಟ್ಟಿಯನ್ನು ಕಂಡುಹಿಡಿದವರು ಡಾ. ವಾರಿಜಾ ಕುಂಬಾರ ಎಂದು ಕಾಗದಪತ್ರದಲ್ಲಿದೆ. ಇರಲಿ. ಅದರ ಸ್ಕ್ರೂ ಬಿಗಿ ಮಾಡಿದವನು ಯಾರು ಎಂದು ಕಾಗದದಲ್ಲಿ ಯಾರೂ ಬರೆಯುವುದಿಲ್ಲ.

ಆಗ ಊರಿಗೆಲ್ಲ ‘ಎಂಟೆಂಟು’ ಪಂದ್ಯದ ಹುಚ್ಚು ಹತ್ತಿತ್ತು. ಒಂದು ಕಿಲೋಮೀಟರು ಓಡಬೇಕು, ಒಂದು ಹೊರೆಯ ಕೆಲಸ ಮಾಡಬೇಕು. ಮತ್ತೆ ಓಟ, ಮತ್ತೆ ಹೊರೆ. ಹೀಗೆ ಎಂಟು ಓಟ, ಎಂಟು ಹೊರೆ. ಭಾರ ತುಂಬಿದ ಗಾಡಿ ದಬ್ಬುವುದು, ಅದನ್ನೇ ಹಗ್ಗದಿಂದ ಎಳೆಯುವುದು, ಎರಡು ಕೈಯಲ್ಲಿ ಕಬ್ಬಿಣದ ತೂಕ ಹಿಡಿದು ನಡೆಯುವುದು, ಉಸುಕಿನ ಚೀಲ ಹೆಗಲಿಗೇರಿಸಿ ಹೆಜ್ಜೆಗೊಮ್ಮೆ ಮೊಣಕಾಲೂರುತ್ತ ಸಾಗುವುದು, ಇಂಥವು. ಓಟಗಾರರಿಗೆ ಚೀಲ ಏಳುವುದಿಲ್ಲ, ಪೈಲ್ವಾನರಿಗೆ ಓಟ ಬರುವುದಿಲ್ಲ. ಎರಡೂ ಬರುವವರಿಗೆ ಆರನೆಯ ಹೊರೆಯ ಹೊತ್ತಿಗೆ ತಮ್ಮ ಹೆಸರೇ ಮರೆತಿರುತ್ತದೆ.

ವಾರಿಜಾ ಮೇಡಮ್ಮಿಗೆ ಬಂದ ಯೋಚನೆ ಸರಳ. ಸುಸ್ತು ಇರುವುದು ಕಾಲಿನಲ್ಲಲ್ಲ, ತಲೆಯಲ್ಲಿ. ಸ್ಕೂಟರಿನಲ್ಲಿ ಇನ್ನೂ ಒಂದು ಲೀಟರ್ ಪೆಟ್ರೋಲ್ ಇರುವಾಗಲೇ ಮುಳ್ಳು ಕೆಂಪಿಗೆ ಬರುತ್ತದಲ್ಲ, ಹಾಗೆ. ದೇಹದಲ್ಲಿ ಕಸುವು ಉಳಿದಿರುವಾಗಲೇ ತಲೆ ‘ಮುಗಿಯಿತು’ ಎಂದು ಸುದ್ದಿ ಕಳಿಸುತ್ತದೆ. ಆ ಸುದ್ದಿಯನ್ನು ತಡೆದರೆ?

ತಡೆದೆವು. ಕಿವಿಯ ಹಿಂದೆ ಕೂರುವ ಒಂದು ಪಟ್ಟಿ, ಅದರಲ್ಲಿ ಅಕ್ಕಿಕಾಳಿನಷ್ಟು ಯಂತ್ರ. ಮೊದಲ ಪ್ರಯೋಗಕ್ಕೆ ಬಂದ ಪೈಲ್ವಾನ ಹತ್ತು ನಿಮಿಷ ಕುದುರೆಯಂತೆ ಓಡಿ, ಕಾರಿಕೊಂಡು, ಕಂಬಕ್ಕೆ ಡಿಕ್ಕಿ ಹೊಡೆದ. ಸುದ್ದಿ ಎಲ್ಲಿಗೂ ತಲುಪದಿದ್ದರೆ ತಲೆಗೆ ಗಾಬರಿಯಾಗುತ್ತದೆ ಎಂದು ಗೊತ್ತಾಯಿತು. ಅದನ್ನು ಯಾರಾದರೂ ಒಬ್ಬರು ಉಣ್ಣಲೇಬೇಕು.

ಉಂಡವನು ನಾನು. ಇನ್ನೊಂದು ಪಟ್ಟಿಯನ್ನು ಸುಮ್ಮನೆ ಕಿವಿಗೆ ಸಿಕ್ಕಿಸಿಕೊಂಡು ಗಿರಮಿಟ್ ತಿನ್ನುತ್ತಿದ್ದೆ. ಆಚೆ ಓಡುವ ಯಂತ್ರದ ಮೇಲೆ ಪೈಲ್ವಾನ ಕಾಲಿಟ್ಟ. ಎರಡೇ ನಿಮಿಷದಲ್ಲಿ ನನಗೆ ತೊಡೆ ನಡುಗಿ, ಎದೆ ಏರಿಳಿದು, ಗಿರಮಿಟ್ ಪೊಟ್ಟಣ ಎತ್ತಲಾರದಷ್ಟು ಆಯಾಸ. ಅತ್ತ ಅವನು ಹಾಡುತ್ತ ಓಡುತ್ತಿದ್ದಾನೆ! ಒಬ್ಬನ ಸುಸ್ತಿನ ಸುದ್ದಿ ಇನ್ನೊಬ್ಬನ ತಲೆಗೆ ತಲುಪಿ, ಅಲ್ಲಿಂದ ‘ಸಿಕ್ಕಿತು’ ಎಂಬ ಮಾರುತ್ತರ ಬಂದರೆ ಮೊದಲನೆಯವನ ತಲೆಗೆ ಸಮಾಧಾನ. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ದೊಡ್ಡ ಶೋಧ ಇಷ್ಟು ಸಣ್ಣ ಪೊಟ್ಟಣದ ಪಕ್ಕ ಆಗಿದ್ದಿಲ್ಲ.

ವರ್ಷದೊಳಗೆ ಎಂಟೆಂಟರಲ್ಲಿ ‘ಜೋಡಿ’ ಎಂಬ ಹೊಸ ವಿಭಾಗ ಬಂತು. ಓಡುವವರು ಒಬ್ಬರು, ಅವರ ಸುಸ್ತನ್ನು ಕೂತಲ್ಲೇ ಹೊರುವವರು ಇನ್ನೊಬ್ಬರು. ಹೊರುವವರಿಗೆ ‘ಹೆಗಲುಗಾರ’ ಎಂದು ನಾನೇ ಹೆಸರಿಟ್ಟೆ.

ಒಂದೇ ಒಂದು ಎಚ್ಚರ ಬೇಕು. ಪಟ್ಟಿ ಒಯ್ಯುವುದು ಸುದ್ದಿಯನ್ನು ಮಾತ್ರ. ಸವೆಯುವ ಕಾಲು ಓಡುವವರದೇ, ಬಡಿಯುವ ಎದೆಯೂ ಅವರದೇ. ಅದಕ್ಕಾಗಿ ಹೆಗಲುಗಾರನಿಗೆ ತಾಳಲಾಗದೆ ‘ಸಾಕು’ ಅನ್ನಿಸಿದ ಕೂಡಲೇ ಪಟ್ಟಿ ಅದನ್ನು ಹಿಡಿದು, ಸುಸ್ತನ್ನು ಒಂದೂವರೆ ನಿಮಿಷದಲ್ಲಿ ಮೆಲ್ಲಗೆ ಓಡುವವರಿಗೇ ಮರಳಿಸುತ್ತದೆ. ಬಾಯಿಮಾತಿನ ಸಾಕು ನಡೆಯದು, ತಲೆಯೊಳಗೆ ಬಿಟ್ಟುಕೊಡುವ ಮನಸ್ಸು ಏಳಬೇಕು. ಪಟ್ಟಿಯನ್ನು ಹಾಗೇ ಕಿತ್ತರೆ? ತಡೆದಿಟ್ಟ ಸುಸ್ತೆಲ್ಲ ಒಂದೇ ಏಟಿಗೆ ಬಂದು ಅಪ್ಪಳಿಸುತ್ತದೆ. ಹಾಗೆ ಕಿತ್ತುಕೊಂಡ ಒಬ್ಬನ ಎದೆಬಡಿತ ನಾಲ್ಕು ಸೆಕೆಂಡು ನಿಂತಿತ್ತು. ಈ ವಿಷಯದಲ್ಲಿ ನಾನು ಉತ್ಪ್ರೇಕ್ಷೆ ಮಾಡುವುದಿಲ್ಲ.

ದ್ಯಾಮವ್ವ ನಮ್ಮಲ್ಲಿಗೆ ಬಂದದ್ದು ಆಗ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು, ಮೂವತ್ತನಾಲ್ಕು ವಯಸ್ಸು. ಎಂಬತ್ತು ನಿಮಿಷದೊಳಗೆ ಮುಗಿಸಿದರೆ ರಾಜ್ಯ ತಂಡ. ಅವಳು ಹಿಂದಿನ ಎರಡು ವರ್ಷವೂ ಒಂಟಿಯಾಗಿ ಓಡಿ ಎಂಬತ್ಮೂರಕ್ಕೆ ನಿಂತಿದ್ದಳು. ಮೂವತ್ತೈದು ತುಂಬಿದರೆ ಜೋಡಿ ವಿಭಾಗದಲ್ಲಿ ರಾಜ್ಯ ತಂಡಕ್ಕೆ ಜಾಗವಿಲ್ಲ. ಜೋಡಿಯಲ್ಲಿ ಅವಳಿಗೆ ಉಳಿದದ್ದು ಈ ವರ್ಷದ ಒಂದು ಪಂದ್ಯ.

ಅವಳ ಮೊದಲ ಹೆಗಲುಗಾರ ನಾನೇ. ನಾಲ್ಕನೆಯ ನಿಮಿಷಕ್ಕೆ ನನ್ನ ತಲೆ ಸಾಕು ಎಂದಿತು. ಮರುದಿನ ಮೂರಕ್ಕೆ. ಅದರ ಮರುದಿನ ಅವಳು ಬೂಟಿನ ಲೇಸು ಕಟ್ಟುವಾಗಲೇ.

“ಕಲ್ಮೇಶಣ್ಣಾ, ನಿನ್ನ ಕಟ್ಕೊಂಡು ಓಡೂದಕ್ಕಿಂತ ಬೀಸೂಕಲ್ಲು ಕಟ್ಕೊಂಡು ಓಡೂದು ಛಲೋ,” ಎಂದಳು.

“ಲೋಕದಾಗ ಇಷ್ಟು ಸೂಕ್ಷ್ಮ ಶರೀರ ಯಾರಿಗೂ ಇಲ್ಲವ್ವಾ ತಂಗಿ,” ಎಂದೆ.

“ಸೂಕ್ಷ್ಮ ಅಲ್ಲ, ಮೈಗಳ್ಳ ಶರೀರ.”

ಆಗ ನನಗೊಂದು ಯೋಚನೆ ಬಂತು. ದ್ಯಾಮವ್ವನ ಅಪ್ಪ ಮುದಕಪ್ಪ ನಲವತ್ತು ವರ್ಷ ಹತ್ತಿ ಗೋದಾಮಿನಲ್ಲಿ ಹಮಾಲಿ ಮಾಡಿದವನು. ಕ್ವಿಂಟಲ್ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಮೀಸೆ ತಿರುವುತ್ತಿದ್ದ. ಮೊಣಕಾಲು ಹೋಗಿ ಆರು ವರ್ಷದಿಂದ ಮನೆಯ ಕಟ್ಟೆಯ ಮೇಲೆ ಕೂತಿದ್ದಾನೆ. ಭೂಮಂಡಲದಲ್ಲಿ ಇದಕ್ಕಿಂತ ಗಟ್ಟಿ ಹೆಗಲು ಎಲ್ಲಿ ಸಿಕ್ಕೀತು? ವಾರಿಜಾ ಮೇಡಮ್ ಅವನ ಎದೆ, ರಕ್ತ ಎಲ್ಲ ತಪಾಸಣೆ ಮಾಡಿ “ಗಟ್ಟಿ ಇದ್ದಾರೆ” ಎಂದರು. ನಾನು ಕಾಲರ್ ಎತ್ತಿಕೊಂಡೆ.

ಪಟ್ಟಿ ಹಾಕಲು ಅವರ ಮನೆಗೆ ನಾನೇ ಹೋದೆ. ದ್ಯಾಮವ್ವ ಶಾಲೆಯ ಮೈದಾನದಲ್ಲಿ ಓಡತೊಡಗಿದಳು. ಇತ್ತ ಪಡಸಾಲೆಯಲ್ಲಿ ಮುದಕಪ್ಪ ಗೋಡೆಗೊರಗಿ ಕೂತ. ಐದು ನಿಮಿಷ ಕಳೆಯಿತು, ಹತ್ತಾಯಿತು. ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಉಸಿರು ಹೆಚ್ಚಾಯಿತು. ಆ ಮನುಷ್ಯ ನಗುತ್ತಿದ್ದ.

“ಹೆಂಗನಸ್ತೈತಿ ಕಾಕಾ?”

“ಆರು ವರ್ಷ ಆತು ನೋಡ ತಮ್ಮಾ, ಇಂಥಾ ದಣಿವಾಗಿ,” ಎಂದ. “ಕೂತು ಕೂತು ಮೈ ಅನ್ನೂದು ಮಂದಿ ಮನಿ ಆಗಿತ್ತು. ಇವತ್ತ ನನ್ನ ಮನಿಗೆ ಬಂದಂಗಾತು.”

ಒಳಗಿಂದ ಅವನ ಹೆಂಡತಿ ಗಂಗವ್ವ ರೊಟ್ಟಿ ಬಡಿಯುತ್ತಲೇ ಕೂಗಿದಳು: “ಸಾಕು ಅನಸಿದ್ರ ಅನ್ನಬೇಕಂತ, ಕೇಳಿಸ್ತೇನು?”

“ಹೂಂ.”

“ಹೂಂ ಅಂತಾರ, ಅಷ್ಟ. ಬಡಿಗೇರ ಅಣ್ಣಾರ, ಒಂದು ಮಾತು ಹೇಳ್ತೀನಿ. ಈ ಮನಶ್ಯಾ ಊಟಕ್ಕ ಕುಂತ್ರೂ ಸಾಕು ಅಂದಾವ ಅಲ್ಲ. ನೀಡಿದಷ್ಟೂ ತಿಂತಾನ. ನಾನ ತಾಟು ಕಸಗೋಬೇಕು. ಇಂಥಾವನ್ನ ಕೂಡ್ರಿಸೀರಿ.”

ಆ ಮಾತಿಗೆ ನಾನು ಹೊಟ್ಟೆ ತುಂಬ ನಕ್ಕೆ. ಆ ದಿನ ಮುದಕಪ್ಪ ಆರು ರೊಟ್ಟಿ ತಿಂದ. ನಾನು ಎಂಟು ತಿಂದೆ. ನಾನು ಯಾರ ಸುಸ್ತನ್ನೂ ಹೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಊಟವಾದ ಮೇಲೆ ಮಗಳು ಬಂದಳು. ಮುದಕಪ್ಪ ಅವಳ ಓಟದ ಬಗ್ಗೆ ಒಂದು ಮಾತಾಡಲಿಲ್ಲ. ಅವಳ ಹೊರೆಯ ಬಗ್ಗೆ ಮಾತ್ರ ಹೇಳಿದ. ಸುಸ್ತೆಲ್ಲ ಅವನಿಗೇ ಬರುತ್ತಿದ್ದುದರಿಂದ, ಯಾವ ಗಳಿಗೆಯಲ್ಲಿ ಅವಳ ನಡು ತಪ್ಪಿತು ಎಂದು ಅವನ ನಡುವಿಗೆ ಗೊತ್ತಾಗಿತ್ತು.

“ಚೀಲ ಬೆನ್ನಿಲೆ ಎತ್ತಬ್ಯಾಡ. ಅದರ ಕೆಳಗ ನೀ ಹೋಗು, ಅದು ತಾನ ಬಂದು ಕುಂದರ್ತೈತಿ. ಗಾಡಿ ದಬ್ಬುವಾಗ ಸಣ್ಣ ಸಣ್ಣ ಹೆಜ್ಜಿ. ಓಡುವಾಗ ಹೊರಿ ನೆನೀಬ್ಯಾಡ, ಹೊರುವಾಗ ಓಟ ನೆನೀಬ್ಯಾಡ.”

ಮುಂದೆ ಹಮಾಲರ ಕಟ್ಟಳೆಯ ಮಾತು ಬಂತು. ದೊಡ್ಡ ಹೊರೆಯನ್ನು ಬಿದಿರಿಗೆ ತೂಗುಹಾಕಿ ಇಬ್ಬರು ಹೊರುವಾಗ ಮುಂದಿನವನಿಗೆ ದಾರಿ ಕಾಣುತ್ತದೆ. ಅದಕ್ಕೇ ‘ಇಳಸು’ ಎನ್ನುವ ಹಕ್ಕು ಅವನದು. ಹಿಂದಿನವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ಅವನು ಪ್ರಾಣ ಹೋದರೂ ಇಳಸು ಎನ್ನಬಾರದು. ಒಮ್ಮೆಲೇ ಅಂದರೆ ಮುಂದಿನವನ ಕತ್ತು ಮುರಿದೀತು. ಮೂರನೆಯವನು ಬಂದು ‘ಹೆಗಲ ಬದ್ಲಿ’ ಎಂದು ಕೈ ಹಚ್ಚಿದರೆ ಮಾತ್ರ ಬಿಟ್ಟುಕೊಡಬಹುದು. ಆಗ ಒಲ್ಲೆ ಎಂದರೆ ಬಂದವನಿಗೆ ಅವಮಾನ.

“ನಮ್ಮ ದ್ಯಾಮಿ ಸಣ್ಣಾಕಿ ಇದ್ದಾಗ ನೀರಿನ ಕೊಡ ಕೋಲಿಗೆ ಹಾಕಿ ಆಕಿನ್ನ ಮುಂದ ಮಾಡ್ತಿದ್ದೆ,” ಎಂದ ಮುದಕಪ್ಪ. “ಮನಿ ಬಾಗಿಲಾ ಬರೂತನಕಾ ಇಳಸು ಅಂತಿದ್ದಿಲ್ಲ, ಹುಡುಗಿ.”

ದ್ಯಾಮವ್ವ ನಕ್ಕು, “ನೀ ಹಿಂದಿದ್ದೆಲ್ಲಪಾ,” ಎಂದಳು.

ನಾನು ಇದನ್ನೆಲ್ಲ ಕೇಳಿ, ಅಬ್ಬಾ ಎಂಥ ಜೋಡಿ ಹುಡುಕಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇಪ್ಪತ್ತಾರು ವರ್ಷ ಮೀಟರು ನೋಡಿದ ಕಣ್ಣಿಗೆ ಎದುರಿಗಿದ್ದ ಹಳ್ಳ ಕಾಣಲಿಲ್ಲ.

ಮುಂದಿನ ಎರಡು ತಿಂಗಳು ಅಭ್ಯಾಸದ ಅಂಕಿಗಳು ಇಳಿಯುತ್ತ ಹೋದವು. ಎಂಬತ್ತೆರಡು, ಎಂಬತ್ತು, ಎಪ್ಪತ್ತೆಂಟು. ಅಷ್ಟರಲ್ಲಿ ಊರೂ ಪಟ್ಟಿಗೆ ಒಗ್ಗಿಕೊಂಡಿತ್ತು. ಹಿರಿಯ ಗುಮಾಸ್ತರು ಮೆಟ್ಟಿಲು ಹತ್ತುವ ಸುಸ್ತನ್ನು ಕಿರಿಯರಿಗೆ ವರ್ಗಾಯಿಸಿ ಮೇಲಿನ ಮಹಡಿಗೆ ಹೋಗುತ್ತಿದ್ದರು. ಒಂದು ಮದುವೆಯಲ್ಲಿ ಬಡಿಸುವವರ ಆಯಾಸವನ್ನೆಲ್ಲ ವರನ ಸೋದರಮಾವನಿಗೆ ಜೋಡಿಸಿಟ್ಟಿದ್ದರು. ಆ ಮನುಷ್ಯ ಅಕ್ಷತೆ ಎಸೆಯಲೂ ಏಳಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡೆ. ಕಂಡೆ ಎಂದರೆ, ಕಂಡವರು ಹೇಳಿದರು.

ಮುದಕಪ್ಪ ಒಮ್ಮೆಯೂ ಸಾಕು ಅಂದಿರಲಿಲ್ಲ. ವಾರಿಜಾ ಮೇಡಮ್ ಕಡತ ಮಗುಚುತ್ತ, “ಕಲ್ಮೇಶ್, ಈ ಕಾಲಂ ಪೂರ್ತಿ ಖಾಲಿ ಇದೆ. ಎಲ್ಲ ಹೆಗಲುಗಾರರೂ ಒಂದಲ್ಲ ಒಂದು ದಿನ ಸಾಕು ಅಂದಿದ್ದಾರೆ,” ಎಂದರು.

“ಅದು ಅವರ ದೊಡ್ಡಸ್ತಿಕೆ ಮೇಡಮ್,” ಎಂದೆ.

ಅವರು ಕಾಲಂನ ಮೇಲೆ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಡತ ಮುಚ್ಚಿದರು.

ಪಂದ್ಯ ನಡೆದದ್ದು ಹಳೆಯ ಹತ್ತಿ ಗೋದಾಮಿನಲ್ಲಿ, ಏಪ್ರಿಲ್ ತಿಂಗಳ ಒಂದು ಮುಂಜಾನೆ. ತಗಡಿನ ಚಾವಣಿ. ಒಂಬತ್ತಕ್ಕೆಲ್ಲ ಒಳಗೆ ಒಲೆ ಹೊತ್ತಿಸಿದಂತಾಗಿತ್ತು. ಮೇಲಿನ ಅಟ್ಟದಲ್ಲಿ ನಮ್ಮ ನಿಯಂತ್ರಣ ಕೊಠಡಿ, ಅದರ ಪಕ್ಕದಲ್ಲೇ ಹೆಗಲುಗಾರರ ಸಾಲು ಕುರ್ಚಿ. ಮುದಕಪ್ಪ ಹೊಸ ಧೋತರ ಉಟ್ಟು, ರುಮಾಲು ಸುತ್ತಿ ಬಂದಿದ್ದ. ಕಿಟಕಿಯಿಂದ ಕೆಳಗೆ ನೋಡಿ, “ಆ ಕಂಬ ಐತೆಲ್ಲ, ಅಲ್ಲೆ ನಾ ಚೀಲ ಒಟ್ಟತಿದ್ದೆ,” ಎಂದ.

ದ್ಯಾಮವ್ವ ಬೆಂಕಿಯಂತೆ ಹೋದಳು. ಗಾಡಿ ದಬ್ಬಿದ್ದು ಅಪ್ಪ ಹೇಳಿದ ಸಣ್ಣ ಹೆಜ್ಜೆಯಲ್ಲಿ. ಐದನೆಯ ಹೊರೆಯ ಹೊತ್ತಿಗೆ ಅವಳ ಲೆಕ್ಕ ಎಪ್ಪತ್ತಾರು ನಿಮಿಷಕ್ಕೆ ಮುಗಿಯುವಂತಿತ್ತು. ಅಟ್ಟದ ಮೇಲೆ ಒಬ್ಬೊಬ್ಬರೇ ಹೆಗಲುಗಾರರು ಸಾಕು ಎಂದು ಕುರ್ಚಿಯಲ್ಲಿ ಒರಗುತ್ತಿದ್ದರು. ಮುದಕಪ್ಪ ನೆಟ್ಟಗೆ ಕೂತಿದ್ದ. ಧೋತರ ತೊಯ್ದು ತೊಡೆಗಂಟಿತ್ತು.

ಏಳನೆಯ ಓಟ ಮುಗಿಯುತ್ತ ಬಂದಾಗ ವಾರಿಜಾ ಮೇಡಮ್ ಪರದೆಗೆ ಬೆರಳಿಟ್ಟರು. ದ್ಯಾಮವ್ವನ ಮೈಶಾಖ ನಲವತ್ತು ಡಿಗ್ರಿ ದಾಟಿತ್ತು. ಎದೆಬಡಿತ ನೂರ ತೊಂಬತ್ತೆಂಟು. ನಡುನಡುವೆ ಒಂದೊಂದು ಬಡಿತ ತಪ್ಪುತ್ತಿತ್ತು. ಅವಳ ಮುಖದಲ್ಲಿ ಮಾತ್ರ ಸಂತೆಗೆ ಹೊರಟವಳ ನೆಮ್ಮದಿ. ಅವಳಿಗೆ ಏನೂ ಗೊತ್ತಾಗುತ್ತಿಲ್ಲ.

“ಇನ್ನು ಐದು ನಿಮಿಷ ಹೀಗೇ ಹೋದರೆ ಎದೆ ನಿಲ್ಲುತ್ತೆ,” ಎಂದರು ಮೇಡಮ್. “ಪಟ್ಟಿ ಕೀಳುವ ಹಾಗಿಲ್ಲ, ಕಿತ್ತರೆ ಈಗಲೇ ನಿಲ್ಲುತ್ತೆ. ಇವರು ಸಾಕು ಅನ್ನಬೇಕು.”

ನಾನು ಮುದಕಪ್ಪನ ಮುಂದೆ ಕುಕ್ಕರಿಸಿದೆ. ಅವನ ತುಟಿ ಬಿಳಿಚಿತ್ತು.

“ಕಾಕಾ, ಸಾಕು ಅನ್ನು. ದ್ಯಾಮವ್ವನ ಜೀವಕ್ಕ ಬಂದೈತಿ.”

“ಗೊತ್ತೈತಿ,” ಎಂದ. “ಮೈ ಹೇಳಾಕ್ಹತ್ತೈತಿ.”

“ಮತ್ತ ಅನ್ನಲಾ!”

ಅವನು ಬಾಯಲ್ಲಿ ಅಂದ. ಎರಡು ಸಲ ಅಂದ, ಮೂರನೆಯ ಸಲ ಕೂಗಿದ. ಪರದೆಯ ಗೆರೆ ಅಲುಗಲಿಲ್ಲ. ನಲವತ್ತು ವರ್ಷ ಬಿದಿರಿನ ಹಿಂದಿನ ತುದಿಗೆ ನಿಂತ ತಲೆ. ಬಾಯಿ ಸಾಕು ಎನ್ನುತ್ತಿತ್ತು, ಹೆಗಲು ಇನ್ನಷ್ಟು ಬಿಗಿಯಾಗುತ್ತಿತ್ತು.

“ಆಗವಲ್ತೋ ತಮ್ಮಾ,” ಎಂದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅಂದೇ ಮೊದಲು ಕಂಡದ್ದು. “ಆಕಿ ಮುಂದ ಅದಾಳ. ಆಕಿ ಇಳಸು ಅನ್ನದ ನನ್ನ ಹೆಗಲ ಹೆಂಗ ಬಿಟ್ಟೀತು?”

ಕೆಳಗೆ ದ್ಯಾಮವ್ವ ಉಸುಕಿನ ಚೀಲದ ಕೆಳಗೆ ಹೋಗಿ ಅದನ್ನು ಹೆಗಲಿಗೆ ಕೂರಿಸಿಕೊಂಡಳು. ಧ್ವನಿವರ್ಧಕದಲ್ಲಿ ಮೇಡಮ್ “ನಿಲ್ಲು, ದ್ಯಾಮವ್ವ, ನಿಲ್ಲು!” ಎಂದು ಕೂಗಿದರು. ಅವಳು ಕೈಯೆತ್ತಿ ‘ನಾ ಆರಾಮದೀನಿ’ ಎಂದು ಸನ್ನೆ ಮಾಡಿ ಮೊದಲ ಮೊಣಕಾಲೂರಿದಳು. ಅಪ್ಪ ಹಿಂದಿದ್ದಾನೆ, ಬಾಗಿಲು ಇನ್ನೂ ಬಂದಿಲ್ಲ.

ಆ ಕ್ಷಣದಲ್ಲಿ ನನಗೆ ಹೊಳೆಯಿತು. ನನ್ನ ರಿಪೇರಿ ಚೀಲದಲ್ಲಿ ಪರೀಕ್ಷೆಗೆಂದು ಇಟ್ಟ ಮೂರನೆಯ ಪಟ್ಟಿಯೊಂದಿತ್ತು. ಕಿವಿಗೆ ಸಿಕ್ಕಿಸಿಕೊಂಡು, ಅದನ್ನು ಮುದಕಪ್ಪನ ಪಟ್ಟಿಗೆ, ಅವನು ಬಿಟ್ಟದ್ದು ನನಗೆ ಬರುವಂತೆ ಜೋಡಿಸಿ, ಅವನ ಪಕ್ಕದಲ್ಲಿ ಬಗ್ಗಿ ನಿಂತೆ. ಅವನ ಬಲ ಭುಜಕ್ಕೆ ನನ್ನ ಭುಜ ತಾಗಿಸಿದೆ. ಗೋದಾಮಿನ ತಗಡು ಹಾರಿಹೋಗುವಂತೆ ಕೂಗಿದೆ:

“ಮುದಕಪ್ಪಾ, ಹೆಗಲ ಬದ್ಲಿ!”

ಅವನು ತಲೆಯೆತ್ತಿ ನನ್ನನ್ನು ನೋಡಿದ. ನನ್ನ ತೋಳು, ನನ್ನ ಹೊಟ್ಟೆ, ಎಲ್ಲವನ್ನೂ ಅಳೆದ. ಇಂಥವನಿಗೆ ಹೊರೆ ಕೊಡುವುದೇ ಎಂಬ ಸಂಶಯ ಅವನ ಹುಬ್ಬಿನಲ್ಲಿ ಸ್ಪಷ್ಟವಾಗಿ ಕಂಡಿತು. ಆದರೆ ಕೈ ಹಚ್ಚಿದವನಿಗೆ ಒಲ್ಲೆ ಅನ್ನುವಂತಿಲ್ಲ.

“ಹೂಂ,” ಎಂದ. “ಬಾ.”

ಪರದೆಯ ಗೆರೆ ಅಲುಗಿತು.

ಐವತ್ತಾರು ನಿಮಿಷದ ಸುಸ್ತು ನನ್ನ ಮೇಲೆ ಬಿತ್ತು. ಹೇಗೆ ಹೇಳಲಿ? ಉಣಕಲ್ ಕೆರೆಯನ್ನು ನೀರು ಸಮೇತ ಎತ್ತಿ ಬೆನ್ನಿಗಿಟ್ಟಂತಾಯಿತು. ಉಗುರಿಗೂ ಕೂದಲಿಗೂ ಆಯಾಸವಾಯಿತು. ನಾನು ಹನ್ನೊಂದು ಸೆಕೆಂಡು ತಾಳಿದೆ. ಹನ್ನೆರಡನೆಯ ಸೆಕೆಂಡಿಗೆ ನನ್ನ ತಲೆ, ಹೆಗಲು, ಹೊಟ್ಟೆ, ಪೂರ್ವಜರು ಎಲ್ಲರೂ ಸೇರಿ ಒಕ್ಕೊರಲಿನಿಂದ ‘ಸಾಕು’ ಎಂದರು. ಅಷ್ಟು ಶುದ್ಧವಾದ, ಅಷ್ಟು ಮನಃಪೂರ್ವಕವಾದ ಸಾಕು ಆ ಯಂತ್ರದಲ್ಲಿ ಅದಕ್ಕೆ ಮೊದಲೂ ದಾಖಲಾಗಿಲ್ಲ, ಆಮೇಲೂ ಇಲ್ಲ.

ಸುಸ್ತು ಮೆಲ್ಲಗೆ ಮರಳಿತು. ಕೆಳಗೆ ದ್ಯಾಮವ್ವನ ಹೆಜ್ಜೆ ನಿಧಾನವಾಯಿತು. ನಿಂತಳು. ಚೀಲವನ್ನು ಎಸೆಯಲಿಲ್ಲ, ಕಲಿತ ರೀತಿಯಲ್ಲೇ ಇಳಿಸಿ ಅದರ ಮೇಲೆ ಕೂತಳು. ಮೇಡಮ್ ಐಸು ಹಿಡಿದು ಓಡಿದರು. ಇದನ್ನೆಲ್ಲ ಆಮೇಲೆ ಕೇಳಿದ್ದು. ನಾನು ಮುದಕಪ್ಪನ ಕುರ್ಚಿಯ ಕಾಲಬುಡದಲ್ಲಿ ಅಂಗಾತ ಬಿದ್ದಿದ್ದೆ. ಅವನು ರುಮಾಲು ಬಿಚ್ಚಿ ನನಗೆ ಗಾಳಿ ಹಾಕುತ್ತಿದ್ದ.

ಅವಳನ್ನು ಪಂದ್ಯ ಮುಗಿಸಲು ಬಿಡಲಿಲ್ಲ. ರಾಜ್ಯ ತಂಡ ಹೋಯಿತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಮನೆಗೆ ಬಂದ ದಿನ ನಾನೂ ಹೋಗಿದ್ದೆ. ಅಪ್ಪ, ಮಗಳು ಎದುರುಬದುರು ಕೂತಿದ್ದರು.

“ಯಾಕ ಹೇಳಲಿಲ್ಲಪಾ?”

“ನೀ ಹೇಳಲಿಲ್ಲಲ್ಲಬೇ.”

“ನನಗ ಗೊತ್ತಾಗಲಿಲ್ಲ.”

ಮುದಕಪ್ಪ ತನ್ನ ಮೊಣಕಾಲು ನೋಡಿಕೊಂಡ. “ನನಗ ಗೊತ್ತಿತ್ತು,” ಎಂದ.

ಗಂಗವ್ವ ತಾಟುಗಳನ್ನು ತಂದು ನಡುವೆ ಕುಕ್ಕಿದಳು. “ಇಬ್ಬರ ಬಾಯಾಗೂ ಒಂದ ಮಾತು ಹುಟ್ಟಲಿಲ್ಲ. ಪಾಪ, ಆ ಮೈಗಳ್ಳ ಬಡಿಗೇರ ಬದುಕಿಸಿದ.”

ಬಿರುದುಗಳನ್ನು ನಾನು ಸಾಮಾನ್ಯವಾಗಿ ಕೇಳಿ ಪಡೆಯುವವನಲ್ಲ. ಇದನ್ನು ಮಾತ್ರ ಒಪ್ಪಿಕೊಂಡೆ.

ಆಮೇಲೆ ನಿಯಮ ಬದಲಾಯಿತು. ಈಗ ಹೆಗಲುಗಾರರನ್ನು ಆರಿಸುವಾಗ ಗಟ್ಟಿಗರನ್ನು ಬಿಟ್ಟು ಬೇಗ ಸೋಲುವವರನ್ನು ಹುಡುಕುತ್ತಾರೆ. ಅದಕ್ಕೊಂದು ಪರೀಕ್ಷೆಯಿದೆ. ಅದರಲ್ಲಿ ಮೊದಲ ಸ್ಥಾನ ಯಾರದು ಎಂದು ಕೇಳಬೇಡಿ, ನಾಚಿಕೆಯಾಗುತ್ತದೆ. ಎರಡನೆಯವನಿಗೂ ನನಗೂ ಬಹಳ ಅಂತರವಿದೆ.

ಪಟ್ಟಿ ಹಾಕದ ಒಂಟಿ ವಿಭಾಗದಲ್ಲಿ ರಾಜ್ಯ ತಂಡಕ್ಕೆ ವಯಸ್ಸಿನ ಮಿತಿಯಿಲ್ಲ. ದ್ಯಾಮವ್ವ ಮರುವರ್ಷ ಅದರಲ್ಲಿ ಓಡಿದಳು. ಏಳನೆಯ ಹೊರೆಯಲ್ಲಿ ಒಮ್ಮೆ ನಿಂತು, ಹತ್ತು ಉಸಿರು ತೆಗೆದುಕೊಂಡು, ಮತ್ತೆ ಹೊರಟಳು. ಎಂಬತ್ತು ನಿಮಿಷ ಆರು ಸೆಕೆಂಡು. “ಆರು ಸೆಕೆಂಡ ಅಲ್ಲೆ ಎಲ್ಲ್ಯೋ ಬಿದ್ದಾವು. ಮುಂದಿನ ವರ್ಷ ಆರಿಸ್ಕೊಂಡು ಬರ್ತೀನಿ,” ಎಂದಳು.

ಪಟ್ಟಿಯನ್ನು ಮಾತ್ರ ಅವಳು ಬಿಟ್ಟಿಲ್ಲ. ಈಗ ಅದರ ಕೆಲಸ ಬೇರೆ. ಸಂಜೆ ಅಭ್ಯಾಸ ಮುಗಿಸುವ ಮೊದಲು ಕೊನೆಯ ಒಂದು ಸುತ್ತಿನಲ್ಲಿ ಅದನ್ನು ಹಾಕಿಕೊಳ್ಳುತ್ತಾಳೆ. ನಾನು ಅದರ ಸ್ಕ್ರೂ ತಿರುಗಿಸಿ, ನೂರರಲ್ಲಿ ಹತ್ತು ಪಾಲು ಸುಸ್ತು ಮಾತ್ರ ಹೋಗುವಂತೆ ಮಾಡಿಕೊಟ್ಟಿದ್ದೇನೆ. ಬೇರೆ ಮಕ್ಕಳು ಮನೆಗೆ ಬರುವಾಗ ಅಪ್ಪನಿಗೆ ಬಾಳೆಹಣ್ಣು ತರುತ್ತಾರೆ. ಇವಳು ಒಂದು ಹಿಡಿ ದಣಿವು ಕಳಿಸುತ್ತಾಳೆ. ಮುದಕಪ್ಪ ಕಟ್ಟೆಯ ಮೇಲೆ ಕೂತು ಬೆವರಿ, ಮುಖ ತೊಳೆದು, ಊಟಕ್ಕೆ ಬರುತ್ತಾನೆ.

ಮೊನ್ನೆ ನಾನೂ ಪಂಕ್ತಿಯಲ್ಲಿದ್ದೆ. ಗಂಗವ್ವ ಅವನ ತಾಟಿಗೆ ಐದನೆಯ ರೊಟ್ಟಿ ಹಾಕಲು ಬಂದಳು. ಮುದಕಪ್ಪ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದ. ಮಗಳ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ.

“ಸಾಕು,” ಎಂದ.

ಗಂಗವ್ವನ ಕೈಯಲ್ಲಿನ ರೊಟ್ಟಿ ಗಾಳಿಯಲ್ಲೇ ನಿಂತಿತು. ಅದು ವ್ಯರ್ಥವಾಗಬಾರದೆಂದು ನಾನು ನನ್ನ ತಾಟು ಮುಂದೆ ಹಿಡಿದೆ.

ಅಂದ ಹಾಗೆ, ನಾನು ತಾಳಿದ್ದು ಹನ್ನೊಂದು ಸೆಕೆಂಡು ಎಂದೆನಲ್ಲ. ಮೇಡಮ್ಮಿನ ದಾಖಲೆಯಲ್ಲಿ ನಾಲ್ಕು ಎಂದಿದೆ. ಆ ಮೀಟರನ್ನು ರಿಪೇರಿ ಮಾಡಿದವನು ನಾನೇ ಆದ್ದರಿಂದ ಅದು ತಪ್ಪು ತೋರಿಸಿತು ಎಂದು ಹೇಳುವಂತಿಲ್ಲ.